ಲೈಬ್ರರಿ ಪಟ್ಟಿ ಇನ್ನು ಗ್ರೂಪಿಗೆ ಬರುವುದಿಲ್ಲ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಾಫಿ ಕೊಯ್ಲಿನ ಹೊತ್ತು. ಆದರೂ ಕಳೆದ ವಾರ ಕೆಲಸ ಬಿಟ್ಟು ಬಂದು ನಿಮ್ಮಲ್ಲಿ ಹಲವರು ಕೇಳಿದಿರಿ: "ಯಾರು ಯಾವ ಪುಸ್ತಕ ತಗೊಂಡರು ಅನ್ನೋ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಯಾಕೆ ಬರ್ತಿಲ್ಲ ಮೇಡಂ? ನಮ್ಮ ಮಕ್ಕಳ ವಿಷಯ ನಮಗೇ ಮುಚ್ಚಿಡ್ತೀರಾ?"

ಮುಚ್ಚಿಡುತ್ತಿಲ್ಲ. ನಿಮ್ಮ ಮಗುವಿನ ವಿವರ ಬೇಕಿದ್ದರೆ ಬನ್ನಿ, ಲೈಬ್ರರಿಯಲ್ಲಿ ತೋರಿಸುತ್ತೇವೆ. ಬೇರೆಯವರ ಮಗುವಿನದು ಮಾತ್ರ ತೋರಿಸುವುದಿಲ್ಲ.

ಆ ಪಟ್ಟಿಯಲ್ಲಿ ಮಗುವಿನ ಹೆಸರು, ತರಗತಿ, ಪುಸ್ತಕದ ಹೆಸರು, ಜೊತೆಗೆ ನಿಮ್ಮ ಮೊಬೈಲ್ ನಂಬರ್ ಇರುತ್ತಿತ್ತು. ಪುಸ್ತಕ ಬೇಗ ವಾಪಸ್ ಬರಲಿ ಅಂತ ನಾವೇ ಹಾಕುತ್ತಿದ್ದೆವು. ಅದು ನಮ್ಮ ತಪ್ಪು. ಹಿಂದೊಮ್ಮೆ ಒಬ್ಬ ಹುಡುಗಿ ತಗೊಂಡ ಪುಸ್ತಕದ ಬಗ್ಗೆ ಗ್ರೂಪಿನಲ್ಲಿ ಯಾರೋ ಸುಮ್ನೆ ಒಂದು ಮಾತು ಬರೆದರು. ಮರುದಿನ ಆ ಮಗು ಪುಸ್ತಕವನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಎಷ್ಟೋ ದಿನ ಲೈಬ್ರರಿ ಕಡೆ ಸುಳಿಯಲಿಲ್ಲ. ಯಾವ ಪುಸ್ತಕ ಅಂತ ದಯವಿಟ್ಟು ಕೇಳಬೇಡಿ, ಹೇಳುವುದಿಲ್ಲ.

ಕಾನೂನೂ ಈಗ ಇದೇ ದಾರಿಯಲ್ಲಿದೆ. ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಕೇಸಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು, ಹಂತ ಹಂತವಾಗಿ ಜಾರಿಯಾಗುತ್ತಿವೆ. 18 ವರ್ಷ ತುಂಬದವರೆಲ್ಲ ಇದರಲ್ಲಿ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ ತಾಯಿ ಒಪ್ಪಬೇಕು. ಪಾಠ, ಸುರಕ್ಷತೆಯ ಕೆಲಸಕ್ಕೆ ಶಾಲೆಗಳಿಗೆ ಸ್ವಲ್ಪ ವಿನಾಯಿತಿ ಇದೆ, ನಿಜ. ಆದರೆ ಮಕ್ಕಳು ಓದಿದ್ದನ್ನು ಗ್ರೂಪಿನಲ್ಲಿ ಹಂಚುವುದು ಪಾಠವೂ ಅಲ್ಲ, ಸುರಕ್ಷತೆಯೂ ಅಲ್ಲ, ಅಲ್ವಾ? ಹಳೇ ರಿಜಿಸ್ಟರ್ ಬರೀ ಕಾಗದದಲ್ಲಿ ಇದ್ದಷ್ಟು ದಿನ ಈ ಕಾಯ್ದೆ ತಟ್ಟುವುದಿಲ್ಲ. ನಾವು ಈ ವರ್ಷ ಅದನ್ನು ಕಂಪ್ಯೂಟರಿಗೆ ಹಾಕಿದ್ದೇವೆ.

ಮಕ್ಕಳು ಏನು ಓದುತ್ತಾರೋ ಅನ್ನುವ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ನಾನೂ ತಾಯಿಯೇ. ಮತ್ತೆ ಹೇಳುತ್ತೇನೆ, ನಿಮ್ಮ ಮಗುವಿನ ವಿವರ ಕೇಳುವ ಹಕ್ಕು ನಿಮಗೆ ಇದ್ದೇ ಇದೆ. ಶಾಲೆಗೆ ಬರುವ ಮುಂಚೆ ರಾತ್ರಿ ಊಟಕ್ಕೆ ಕೂತಾಗ ಮಗುವನ್ನೇ ಒಂದು ಮಾತು ಕೇಳಿ ನೋಡಿ. ಪಟ್ಟಿ ಮಾತ್ರ ಗ್ರೂಪಿಗೆ ಇನ್ನು ಬರುವುದಿಲ್ಲ. ಪುಸ್ತಕ ಬಾಕಿ ಇದ್ದರೆ ಚೀಟಿ ಮಡಚಿ, ಪಿನ್ ಹೊಡೆದು ಮಗುವಿನ ಕೈಗೇ ಕೊಡುತ್ತೇವೆ. ಹಳೆಯ ಪಟ್ಟಿಗಳು ನಿಮ್ಮ ಫೋನಿನಲ್ಲಿದ್ದರೆ ಅಳಿಸಿಬಿಡಿ.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶನಿವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ಚಿಕ್ಕಮಗಳೂರು