ಅವ್ವ ಹೊಲಿದ ಬಾವುಟ, ನೀನು ಬರೆದ ಬಾವುಟ

ಪ್ರೀತಿಯ ತಮ್ಮಾ,

ಉತ್ತರ ತಡವಾಯಿತು, ಬೈಕೋಬೇಡ. ಯಾವ ಪತ್ರಿಕೆಗೆ ಕಳಿಸಬೇಕು, ಪುಸ್ತಕ ಮಾಡಲು ಎಷ್ಟು ಕತೆ ಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ನಿನ್ನ ವಯಸ್ಸಿನವರನ್ನೇ ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಜಗಳ ಇರುವುದು ನೀನು ಕಳಿಸಿದ ಕತೆಯ ಕೊನೆಯ ಪ್ಯಾರಾದ ಜೊತೆ.

ಹುಬ್ಬಳ್ಳಿಯ ಬೆಂಗೇರಿ. ಖಾದಿ ಸಂಘದಲ್ಲಿ ಬಾವುಟ ಹೊಲಿಯುವ ಅವ್ವ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಯಿತು, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಯ ಮೇಲೂ ಬಾವುಟ. ನಿನ್ನ ಕತೆಯ ಅವ್ವನಿಗೆ ಮಾತ್ರ ಕೆಲಸ ಇಲ್ಲ. ಇಲ್ಲಿವರೆಗೆ ನಾನು ಕುರ್ಚಿಯಿಂದ ಎದ್ದಿಲ್ಲ.

ಆಮೇಲೆ ಏನು ಮಾಡಿದೆ ನೀನು? ಅವ್ವನನ್ನು ಕಿಟಕಿ ಹತ್ತಿರ ನಿಲ್ಲಿಸಿ, ಎದುರುಮನೆಯ ಬಾವುಟ ತೋರಿಸಿ, ಕೇಸರಿ ಅಂದರೆ ತ್ಯಾಗ, ಬಿಳಿ ಅಂದರೆ ಶಾಂತಿ, ಹಸಿರು ಅಂದರೆ ಸಮೃದ್ಧಿ ಅಂತ ಅವಳ ಬಾಯಲ್ಲಿ ಹೇಳಿಸಿ ಮುಗಿಸಿಬಿಟ್ಟೆ. ಅದು ಶಾಲೆಯ ಭಾಷಣ. ಯಾವ ಅವ್ವ ಹಾಗೆ ಮಾತಾಡುತ್ತಾಳೆ ಮಾರಾಯ?

ಆ ಅರ್ಥಗಳು ಎಲ್ಲಿಂದ ಬಂದವು ಅಂತ ಹುಡುಕಿದ್ದೀಯಾ? 1921ರಲ್ಲಿ ಗಾಂಧೀಜಿ ಬಾವುಟದ ಮಾತೆತ್ತಿದಾಗ ಅದರಲ್ಲಿ ಕೇಸರಿ ಇರಲೇ ಇಲ್ಲ. ಕೆಂಪು ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು, ಬಿಳಿ ಉಳಿದವರೆಲ್ಲರದ್ದು, ಜೊತೆಗೆ ಒಂದು ಚರಕ. ಬಣ್ಣಕ್ಕೆ ಧರ್ಮ ಅಂಟಿಸಿದ ಮೇಲೆ ನಮ್ಮ ಬಣ್ಣ ಎಲ್ಲಿ ಅಂತ ಸಿಖ್ಖರು ಕೇಳಿದರು. ಕೇಳದೆ ಇರುತ್ತಾರಾ? 1931ರಲ್ಲಿ ಕಾಂಗ್ರೆಸ್ ಕೆಂಪು ತೆಗೆದು ಕೇಸರಿ ತಂದಿತು. ಬಣ್ಣಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ, ಕೇಸರಿ ಅಂದರೆ ಧೈರ್ಯ ಮತ್ತು ತ್ಯಾಗ ಅಂತ ಠರಾವು ಮಾಡಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಬಾವುಟ ಒಪ್ಪಿದಾಗ ಚರಕ ಹೋಗಿ ಅಶೋಕ ಚಕ್ರ ಬಂತು. ಅದು ಮೊದಲಿಗೆ ಗಾಂಧೀಜಿಗೆ ಹಿಡಿಸಲಿಲ್ಲ. ರಾಧಾಕೃಷ್ಣನ್ ಕೇಸರಿಗೆ ವೈರಾಗ್ಯ ಅಂದರು, ಹಸಿರಿಗೆ ಮಣ್ಣಿನ ನಂಟು ಅಂದರು. ಪ್ರತಿ ಸಲವೂ ಹಿಂದೆ ಒಂದು ಜಗಳ ಇತ್ತು, ಒಂದು ರಾಜಿ ಇತ್ತು. ನೀನು ಅದೆಲ್ಲ ಬಿಟ್ಟು ಕೊನೆಗೆ ಉಳಿದ ಪಟ್ಟಿಯನ್ನು ಮಾತ್ರ ಬರೆದುಕೊಂಡಿದ್ದೀಯ.

ನಾನು ಗೌರಿಬಿದನೂರು ಕಡೆಯವಳು. ವಿದುರಾಶ್ವತ್ಥ ನಮಗೆ ಹತ್ತಿರ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಊರವರದ್ದೊಂದು. ಇದು ನಡೆದದ್ದು ಬ್ರಿಟಿಷರ ಸೀಮೆಯಲ್ಲಲ್ಲ, ಮಹಾರಾಜರ ಮೈಸೂರಿನಲ್ಲಿ. ಗಂಡಭೇರುಂಡದ ಅರಸೊತ್ತಿಗೆ ಒಂದು ಕಡೆ, ಚರಕದ ಬಾವುಟ ಇನ್ನೊಂದು ಕಡೆ. ಆಮೇಲೆ ಕಾಂಗ್ರೆಸ್ಸಿನ ಪಟೇಲರು, ಕೃಪಲಾನಿ ಬಂದು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ, ಮೈಸೂರಿನದ್ದು, ಕಾಂಗ್ರೆಸ್ಸಿನದ್ದು ಎರಡೂ ಬಾವುಟ ಜೊತೆಯಲ್ಲಿ ಹಾರಲಿ ಅಂತ ರಾಜಿಯಾಯಿತು. ಈಗ ಅದೇ ಗಂಡಭೇರುಂಡ ನಾವೇ ಓಟು ಹಾಕಿ ಕೂರಿಸಿದ ಸರ್ಕಾರದ ಲಾಂಛನದಲ್ಲಿ ಕೂತಿದೆ, ಹುಡುಗರು ಹೆಮ್ಮೆಯಿಂದ ಬೈಕಿಗೆ ಅಂಟಿಸಿಕೊಳ್ಳುತ್ತಾರೆ. (ಮೈಸೂರಿನ ಅರಸರಿಗಿಂತ ಎಷ್ಟೋ ಮೊದಲು, 1047ರಲ್ಲಿ, ಬಳ್ಳಿಗಾವಿಯಲ್ಲಿ ಅದಕ್ಕೊಂದು ಕಂಬವನ್ನೇ ನಿಲ್ಲಿಸಿದ್ದರು. ಹೋಗಿ ನೋಡು.) ವಿದುರಾಶ್ವತ್ಥದಲ್ಲಿ ಸತ್ತವರು ಬಣ್ಣಗಳ ಅರ್ಥ ಬಾಯಿಪಾಠ ಮಾಡಿಕೊಂಡು ಬಂದಿರಲಿಲ್ಲ. ಹಾರಿಸಬೇಡಿ ಅಂದಿದ್ದಕ್ಕೇ ಆ ಬಟ್ಟೆಗೆ ಅಷ್ಟು ಬೆಲೆ ಬಂತು.

ಖಾದಿ ವಿಷಯದಲ್ಲಿ ನನ್ನದೇ ಒಂದು ಹಳೇ ಸಿಟ್ಟಿದೆ, ಹೇಳಿಬಿಡುತ್ತೇನೆ. 1924ರ ಬೆಳಗಾವಿ ಅಧಿವೇಶನದಲ್ಲಿ ತಿಂಗಳಿಗೆ 2000 ಗಜ ನೂಲು ಕೊಟ್ಟವರಿಗೇ ಕಾಂಗ್ರೆಸ್ ಸದಸ್ಯತ್ವ ಅಂತ ನಿಯಮವಾಗಿತ್ತು. ವರ್ಷ ತುಂಬುವುದರೊಳಗೆ ಅದನ್ನು ಸಡಿಲ ಮಾಡಬೇಕಾಯಿತು ಅನ್ನು. ನಾನು ಬರೆಯಲು ಶುರುಮಾಡಿದ ಕಾಲದಲ್ಲಿ ಖಾದಿಗೆ ಆ ಮರ್ಯಾದೆ ಇನ್ನೂ ಇತ್ತು. ಒಂದು ಕತೆಯಲ್ಲಿ ಬಡ್ಡಿ ಸಾಹುಕಾರನಿಗೆ ಖಾದಿ ಜುಬ್ಬಾ ತೊಡಿಸಿದ್ದೆ. ಖಾದಿಗೆ ಅವಮಾನ ಅಂತ ಸಂಪಾದಕರೊಬ್ಬರು ವಾಪಸ್ ಕಳಿಸಿದರು. ಕಾಲ ಕಳೆಯಿತು. ಸಿನಿಮಾದಲ್ಲಿ ಬಿಳಿ ಖಾದಿ ಕಂಡರೆ ಇವನು ಲಂಚಕೋರ ಅಂತ ಮಕ್ಕಳಿಗೂ ಗೊತ್ತಾಗುವ ಹಾಗಾಯಿತು. ಆಗ ಬರೆದ ಕತೆಯೊಂದರಲ್ಲಿ ಖಾದಿ ತೊಟ್ಟ ಪ್ರಾಮಾಣಿಕ ಮೇಷ್ಟ್ರು ಇದ್ದರು. ಇನ್ನೊಬ್ಬ ಸಂಪಾದಕರು ಅದನ್ನೂ ವಾಪಸ್ ಮಾಡಿದರು. ಯಾರೂ ನಂಬಲ್ಲ ಮೇಡಂ, ಬಟ್ಟೆ ಬದಲಿಸಿ ಅಂದರು. ಇಬ್ಬರ ಕಾಗದವೂ ನನ್ನ ಹತ್ತಿರ ಇದೆ. ಆ ಸಾಹುಕಾರ ಹೇಗಿದ್ದ, ಈ ಮೇಷ್ಟ್ರು ಹೇಗಿದ್ದರು ಅಂತ ಇಬ್ಬರೂ ಕೇಳಲಿಲ್ಲ. ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನೀನೂ ಅವರ ಸಾಲಿಗೆ ಸೇರಬೇಡ ಕಣೋ. ನಾಲ್ಕನೇ ಪುಟದಲ್ಲಿ ಮಗ ಕೇಸರಿ ಬಟ್ಟೆಯ ಚೂರಿನಲ್ಲಿ ಮೂಗು ಒರೆಸಿಕೊಳ್ಳುತ್ತಾನೆ. ಅವ್ವ ಬೆನ್ನಿಗೆ ಹೊಡೆಯುತ್ತಾಳೆ. ಸಂಜೆ ಅದೇ ಚೂರನ್ನು ಒಗೆದು, ಒಲೆಯಿಂದ ಪಾತ್ರೆ ಇಳಿಸಲು ಮಸಿಬಟ್ಟೆ ಮಾಡಿಕೊಳ್ಳುತ್ತಾಳೆ. ಹೊಡೆದದ್ದು ಯಾಕೆ, ಮಸಿಬಟ್ಟೆ ಮಾಡಿದ್ದು ಯಾಕೆ ಅಂತ ನೀನು ವಿವರಿಸಲಿಲ್ಲ, ಪುಣ್ಯ. ಅಲ್ಲಿ ಕೇಸರಿಗೆ ಏನು ಅರ್ಥ ಹೇಳು ನೋಡೋಣ? ಇಷ್ಟು ಬರೆಯಲು ಬರುವ ಹುಡುಗ ಕೊನೆಗೆ ಶಾಲೆಯ ಗೋಡೆ ನೋಡಿ ನಕಲು ಮಾಡಿದ್ದಾನೆ ಅಂದರೆ ನನಗೆ ಹೊಟ್ಟೆ ಉರಿಯಲ್ವಾ?

ಬಾವುಟಕ್ಕೆ ಒಂಬತ್ತು ಅಳತೆ ಇದೆ, ಎಲ್ಲಕ್ಕಿಂತ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ ಅಂತ ನನಗೂ ಗೊತ್ತು. ಅಷ್ಟು ದೊಡ್ಡ ಬಟ್ಟೆಯನ್ನು ಮುಂದೆ ಹರಡಿಕೊಂಡು ಹೊಲಿಯುವಾಗ ಸೊಂಟ ಎಲ್ಲಿ ಹಿಡಿಯುತ್ತದೆ? ಚಕ್ರದ 24 ಗೆರೆ ಎರಡೂ ಬದಿಯಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಕೂರದಿದ್ದರೆ ಯಾರು ಯಾರನ್ನು ಬೈಯುತ್ತಾರೆ? ಇದು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಎದುರುಮನೆಯ ಪಾಲಿಯೆಸ್ಟರ್ ಬಾವುಟ ಕಂಡರೆ ಅವ್ವ ಮೊದಲು ಅದರ ಹೊಲಿಗೆ ನೋಡುತ್ತಾಳೆ ಅಂತ ನನ್ನ ಅನುಮಾನ. ಇದನ್ನು ಕತೆಗೆ ಹಾಕಬೇಡ, ಇದು ನನ್ನದು. ಅವ್ವನನ್ನೇ ಕೇಳು.

ಹಾಗಂತ ಇನ್ನೊಂದು ತುದಿಗೂ ಹೋಗಬೇಡ. ಬಾವುಟ ಅಂದರೆ ಬರೀ ಮೋಸ ಅಂತ ಬರೆದರೂ ಚಪ್ಪಾಳೆ ಹೊಡೆಯುವವರು ಇದ್ದಾರೆ. ಅದೂ ಯಾರೋ ಮಾಡಿಟ್ಟ ಅರ್ಥವೇ.

ಗೆಳೆಯರು ಕೊನೆಯ ಪ್ಯಾರಾ ಓದಿ ಅತ್ತರು ಅಂದಿದ್ದೀಯ. ಅತ್ತಿರಬಹುದು. ರಾಷ್ಟ್ರಗೀತೆ ಹಾಡಿದರೂ ಅವರು ಅಳುತ್ತಾರೆ, ಅದರ ಪಾಲು ನಿನಗೆ ಬರಲ್ಲ.

ಆ ಪ್ಯಾರಾ ತೆಗೆದುಹಾಕಿ ಮತ್ತೆ ಕಳಿಸು. ಮೊಬೈಲಿಗೆ ಬೇಡ, ಕಣ್ಣು ನೋಯುತ್ತದೆ. ಪ್ರಿಂಟ್ ತೆಗೆಸಿ ಅಂಚೆಗೆ ಹಾಕು. ಮುನ್ನುಡಿ ಮಾತ್ರ ನನ್ನ ಹತ್ತಿರ ಕೇಳಬೇಡ, ಬರೆಯಲ್ಲ.

ಇಂತಿ,
ನಿನ್ನ ಅಕ್ಕ