ಶರಣುಗ ಬೈಯಬ್ಯಾಡ್ರಿ ಅಪ್ಪಾ

ಸ್ಟುಟ್‌ಗಾರ್ಟ್, ಜರ್ಮನಿ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಆರಾಮ ಇದ್ದೀವಿ. ಅವ್ವನ ಮೊಣಕಾಲು ನೋವು ಈಗ ಹ್ಯಾಂಗದ?

ಕಮಲಾಪುರದ ಹತ್ರ ಆಗಿದ್ದು ಅವ್ವ ಫೋನಿನಾಗ ಹೇಳಿದಳು. ಹುಮನಾಬಾದ್‌ದಿಂದ ಕಲಬುರಗಿಗಿ ರಾತ್ರಿ ಬರುವಾಗ ನನ್ನ ತಮ್ಮ ಶರಣು ರೋಡಿನ ಬಾಜೂಕ ಬಿದ್ದ ಬೈಕ್, ಗಾಯ ಆದ ಹುಡುಗನ್ನ ನೋಡಿ ಗಾಡಿ ನಿಲ್ಲಿಸಿದ, 108ಕ್ಕ ಫೋನ್ ಹಚ್ಚಿದ, ಅಂಬುಲೆನ್ಸ್ ಬರೋತನಾ ಆ ಹುಡುಗನ ಹತ್ರನೇ ಕುಂತ. ಮನಿಗಿ ಬಂದ ಮ್ಯಾಲ ನೀವು ಬೈದ್ರಂತ: "ಊರ ಉಸಾಬರಿ ನಿನಗ್ಯಾಕ, ನಾಳಿ ಸ್ಟೇಷನ್ನಿಗಿ ಕರೀತಾರ, ಕೋರ್ಟಿಗಿ ಅಲೀಬೇಕಾಗ್ತದ." ಅದಕ್ಕೇ ಈ ಪತ್ರ. ಫೋನಿನಾಗ ನಿಮ್ಮ ಮುಂದ ಇಷ್ಟು ಮಾತಾಡ್ಲಾಕ ನನಗ ಆಗಲ್ಲ.

ನಿಮ್ಮ ಅಂಜಿಕಿ ಸುಳ್ಳಲ್ಲ. ಹಿಂದಕ ಕಾಕಾ ಒಬ್ಬ ಮುದುಕನ್ನ ದವಾಖಾನಿಗಿ ಒಯ್ದು, ಸಾಕ್ಷಿ ಹೇಳ್ಲಾಕ ಎಷ್ಟು ತಿರುಗಾಡಿದ ಅನ್ನೋದು ಮನಿ ಮಂದಿಗೆಲ್ಲ ಗೊತ್ತದ. ಆದ್ರ ಈಗ ಕಾನೂನು ಬ್ಯಾರೆ ಆಗ್ಯಾದ. ಜೀವ ಉಳಸ್ಲಾಕ ಹೋದವರಿಗಿ ಕಿರಿಕಿರಿ ಆಗಬಾರದು ಅಂತ ಸುಪ್ರೀಂ ಕೋರ್ಟ್ 2016ರಾಗೇ ಹೇಳ್ಯಾದ. 2019ರಾಗ ಮೋಟಾರು ವಾಹನ ಕಾಯ್ದೆದಾಗ 134ಎ ಅನ್ನೋ ಕಲಂ ಸೇರಿಸ್ಯಾರ. ಒಳ್ಳೆ ಮನಸ್ಸಿಲಿಂದ ಸಹಾಯ ಮಾಡಿದವನ ಮ್ಯಾಲ, ಗಾಯಾಳು ತೀರಿಕೊಂಡ್ರೂ, ಕೇಸ್ ಹಾಕ್ಲಾಕ ಬರಲ್ಲ. 2020ರ ನಿಯಮದ ಪ್ರಕಾರ ಹೆಸರು, ವಿಳಾಸ ಹೇಳಂತ ಯಾರೂ ಒತ್ತಾಯ ಮಾಡಂಗಿಲ್ಲ. ಸಾಕ್ಷಿ ಹೇಳೋದೂ ಅವನ ಇಚ್ಛಾ. ಎಲ್ಲಾ ಕಡಿ ಎಲ್ಲಾರೂ ಇದನ್ನ ಪಾಲಸ್ತಾರ ಅಂತ ನಾ ಅನ್ನಲ್ಲ. ಯಾರರೆ ತಕರಾರು ತೆಗೆದ್ರ ಶರಣು ಆ ಕಲಮಿನ ನಂಬರ್ ಹೇಳಲಿ.

ಇಲ್ಲಿ ಜರ್ಮನಿದಾಗ ಉಲ್ಟಾ ಅದ. ಕೈಲಾಗೋ ಸಹಾಯ ಮಾಡದೆ ಸುಮ್ನ ಹೋದ್ರ ಒಂದು ವರ್ಷದ ತನಕ ಜೈಲು, ಇಲ್ಲಾ ದಂಡ. ಡ್ರೈವಿಂಗ್ ಲೈಸೆನ್ಸ್ ಬೇಕಂದ್ರ ಮೊದಲು ಪ್ರಥಮ ಚಿಕಿತ್ಸೆ ಕಲೀಬೇಕು. ನಾನೂ ಕಲ್ತೆ, ಗೊಂಬಿ ಎದಿ ಒತ್ತಿ ಒತ್ತಿ ಕೈ ಸೋತು ಹೋಗಿದ್ದವು. ಮೊನ್ನೆ ಒಂದು ಹಳ್ಳಿ ರೋಡಿನ ಬಾಜೂಕ ಕಾರು ನಿಂತಿತ್ತು, ಒಳಗ ಒಬ್ಬಾಂವ ಸ್ಟೇರಿಂಗ್ ಮ್ಯಾಲ ತಲಿ ಇಟ್ಟಿದ್ದ. ನನ್ನ ಗಾಡಿ ಮುಂದ ಒಯ್ದು ನಿಲ್ಲಿಸಿ, ಹೊಳಿಯೋ ಜಾಕೆಟ್ ಹಾಕ್ಕೊಂಡು, ಹೋಗಿ ಕಿಡಕಿ ಬಡದೆ. ರಾತ್ರಿ ಪಾಳಿ ಮುಗಿಸಿ ನಿದ್ದಿ ತಡೀಲಾರದೆ ಮಲಗಿದ್ನಂತ, ಅಷ್ಟೇ. ಅವನಿಗಿ ಸಿಟ್ಟು ಬರಲಿಲ್ಲ, ನಿಂತು ಕೇಳಿದ್ದಕ್ಕ ಕೈ ಮುಗಿದ. ನಿದ್ದೀನೋ ಹಾರ್ಟ್ ಅಟ್ಯಾಕೋ ದೂರದಿಂದ ಹ್ಯಾಂಗ ತಿಳೀಬೇಕು ಅಪ್ಪಾ?

ನಮ್ಮ ಕಡಿ ಕಬ್ಬಿನ ಟ್ರ್ಯಾಕ್ಟರ್ ಹಿಂದ ದೀಪ ಇರಲ್ಲ, ತೊಗರಿ ಸುಗ್ಗಿದಾಗ ರೋಡಿನ ಮ್ಯಾಲೇ ರಾಶಿ. ಇಂಥಾ ರೋಡಿನಾಗ ಬಿದ್ದಾಂವ ನಮ್ಮ ಶರಣೂನೂ ಆಗಬಹುದಿತ್ತು. ಅದನ್ನ ನೆನಸಿದ್ರ ನನಗ ಊಟ ಸೇರಲ್ಲ.

ಅವನಿಗಿ ಇಷ್ಟು ಹೇಳ್ರಿ. ಎಚ್ಚರ ಇಲ್ಲದವರ ಬಾಯಾಗ ನೀರು ಹಾಕಬಾರದು, ಉಸಿರುಗಟ್ಟತದ. ನಮ್ಮ ಮಂದಿ ಮೊದಲು ಮಾಡೋದೇ ಅದು. ರಕ್ತ ಸುರೀತಿದ್ರ ಸ್ವಚ್ಛ ಅರಿವಿ ಇಟ್ಟು ಗಟ್ಟಿ ಒತ್ತಿ ಹಿಡೀಬೇಕು. ರಾತ್ರಿ ಜಾಗ ಸರಿ ಅನಿಸಲಿಲ್ಲಂದ್ರ ಗಾಡಿಯಿಂದ ಇಳಿಯೋದು ಬ್ಯಾಡ, ಸ್ವಲ್ಪ ಮುಂದ ಹೋಗಿ 112ಕ್ಕ ಇಲ್ಲಾ 108ಕ್ಕ ಹಚ್ಚಲಿ, ಕಿಲೋಮೀಟರ್ ಕಲ್ಲಿನ ನಂಬರ್ ಹೇಳಲಿ. ಅಷ್ಟು ಮಾಡಿದ್ರೂ ಸಹಾಯನೇ.

ನೀವು ಅವನ ಕೂಡ ಮಾತು ಬಿಟ್ಟೀರಂತ ಅವ್ವ ಅಂದಳು. ಇವತ್ತು ಊಟಕ್ಕ ಬಾಜೂಕ ಕೂಡಿಸಿಕೊಳ್ರಿ. ಆ ಹುಡುಗ ಈಗ ಹ್ಯಾಂಗದಾನ? ದವಾಖಾನಿಯಿಂದ ಸುದ್ದಿ ತಿಳಿದ್ರ ನನಗ ಫೋನ್ ಮಾಡ್ರಿ.

ನಿಮ್ಮ ಮಗಳು,
ಶೈಲಾ