ರಂಗಮಂದಿರದ ಶಂಕುಸ್ಥಾಪನೆಗೆ ಮೊದಲು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ತಾಲ್ಲೂಕಿಗೆ ಹೊಸ ರಂಗಮಂದಿರ ಮಂಜೂರಾಗಿರುವುದು ಸಂತೋಷ. ಫ್ಲೆಕ್ಸ್‌ನಲ್ಲಿ ಅದರ ಚಿತ್ರವನ್ನೂ ನೋಡಿದೆ. ಮುಂಭಾಗಕ್ಕೆ ಗಾಜು, ಒಳಗೆ ನುಣುಪು ಗ್ರಾನೈಟ್, ಎದುರುಬದುರು ನೇರ ಗೋಡೆಗಳು. ಕಣ್ಣಿಗೆ ಹಬ್ಬವೇ ಸರಿ. ಕಿವಿಯ ಗೊಡವೆ ಮಾತ್ರ ಯಾರಿಗೂ ಇದ್ದಂತಿಲ್ಲ.

ಈಗಿರುವ ಭವನದ ಪಾಡು ತಮಗೂ ಗೊತ್ತು. ಕಳೆದ ಜಾತ್ರೆಯ ಪೌರಾಣಿಕ ನಾಟಕದಲ್ಲಿ ದುರ್ಯೋಧನ ಕಂದಪದ್ಯ ಎತ್ತಿಕೊಂಡರೆ ಹಿಂದಿನ ಸಾಲಿಗೆ ಮುಟ್ಟಿದ್ದು ಹಾರ್ಮೋನಿಯಂ ಮತ್ತು ಗದ್ದಲ. ಮೈಕ್ ಸೆಟ್‌ನವರು ಧ್ವನಿ ಏರಿಸಿದಷ್ಟೂ ಮಾತು ಕಲಸಿಹೋಯಿತು. ಅವರನ್ನು ಬೈದು ಪ್ರಯೋಜನವಿಲ್ಲ. ಗಾರೆಯ ಗೋಡೆ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತದೆ. ಮಿಕ್ಕಿದ್ದು ಹಿಂದಿರುಗಿ ಮುಂದಿನ ಪದದ ಮೇಲೆ ಬೀಳುತ್ತದೆ.

ಇದಕ್ಕೆ ಲೆಕ್ಕ ಸಿಕ್ಕಿ ನೂರು ವರ್ಷ ದಾಟಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಮೊಳಗುತ್ತಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ವಾಲೇಸ್ ಸಬೈನ್ ಎಂಬ ಯುವ ಅಧ್ಯಾಪಕನ ಪಾಲಿಗೆ ಬಂತು. ಆತ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವವರೆಗಿನ ಹೊತ್ತನ್ನು ಅಳೆದ. ಕೋಣೆಯ ಗಾತ್ರ ಹೆಚ್ಚಿದಂತೆ ಮೊಳಗು ಹೆಚ್ಚುತ್ತದೆ, ಹೀರುವ ವಸ್ತು ಹೆಚ್ಚಿದಂತೆ ಇಳಿಯುತ್ತದೆ ಎಂಬ ಸೂತ್ರ ಹುಟ್ಟಿದ್ದು ಹಾಗೆ. ಅದೇ ಲೆಕ್ಕದ ಮೇಲೆ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು. ನಮ್ಮ ದೇಶದಲ್ಲೂ ಸಭಾಂಗಣಗಳ ಧ್ವನಿ ವಿನ್ಯಾಸಕ್ಕೆಂದೇ 1963ರ ಐಎಸ್ (ಭಾರತೀಯ ಮಾನಕ) 2526 ಸಂಹಿತೆ ಇದೆ. ಅದನ್ನು ಟೆಂಡರ್‌ನಲ್ಲಿ ಸೇರಿಸಲು ಯಾವ ಅಡ್ಡಿ?

ಗುಮ್ಮಟ ಕೂರಿಸುವ ಆಸೆಯೂ ಕೆಲವರಿಗಿದೆಯಂತೆ. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ತಲುಪುತ್ತದೆ, ಚಪ್ಪಾಳೆ ಹಲವು ಬಾರಿ ಮರುಕಳಿಸುತ್ತದೆ, ನಿಜ. ಆದರೆ ಅದು ಗೋರಿ. ಅಲ್ಲಿ ಯಾರೂ ನಾಟಕ ಆಡಬೇಕಾಗಿಲ್ಲ.

ಮಾತಿಗೆ ಸುಮಾರು ಒಂದು ಸೆಕೆಂಡಿನ ಮೊಳಗು ಸಾಕು. ಪಕ್ಕದ ಗೋಡೆಗಳು ತುಸು ಓರೆಯಾಗಲಿ. ವೇದಿಕೆಯ ಮೇಲಿನ ಚಾವಣಿ ಮಾತನ್ನು ಸಭಿಕರತ್ತ ತಳ್ಳುವಂತಿರಲಿ. ಹಿಂಬದಿ ಗೋಡೆಗೆ ಗ್ರಾನೈಟ್ ಬದಲು ತೆಂಗಿನ ನಾರಿನ ಹಲಗೆ ಬರಲಿ. ತುಮಕೂರು, ಹಾಸನದ ಕಡೆ ನಾರಿಗೇನು ಬರವೇ? ಜನರೇಟರ್ ವೇದಿಕೆಯಿಂದ ದೂರವಿರಲಿ.

ಗುತ್ತಿಗೆದಾರರ ಅಂತಿಮ ಬಿಲ್ಲಿಗೆ ಸಹಿ ಬೀಳುವ ಮುನ್ನ ನಮ್ಮ ಕಲಾವಿದರೊಬ್ಬರು ಮೈಕ್ ಇಲ್ಲದೆ ಒಂದು ಪದ್ಯ ಹೇಳಲಿ. ಎಂಜಿನಿಯರರು ಕೊನೆಯ ಸಾಲಿನಲ್ಲಿ ಕುಳಿತು ಅದನ್ನು ಕೇಳಿ ಬರೆದುಕೊಳ್ಳಲಿ. ಪದಗಳು ತಪ್ಪಿದರೆ ಬಿಲ್ ತಡೆಹಿಡಿಯಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ರಂಗಕಲಾವಿದ